ಗ್ಯಾಸ್ ವಾಸನೆ ಬರುವ ಮೊದಲೇ

ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಗೇಲ್ ಪೈಪ್‌ಲೈನ್ ಚಾಲೂ ಆದದ್ದು 2013ರಲ್ಲಿ. ಅಷ್ಟು ದೂರದಿಂದ ಬಂದ ಅನಿಲ ನೇರವಾಗಿ ಅಡುಗೆಮನೆಗೆ ಹೋಗುವುದಿಲ್ಲ. ಸಿಟಿ ಗೇಟ್ ಸ್ಟೇಷನ್ನಿನಲ್ಲಿ ಅದರ ಒತ್ತಡ ಇಳಿಸಿ, ಅಳೆದು, ವಾಸನೆ ಬೆರೆಸಿ ಮುಂದೆ ಬಿಡುತ್ತಾರೆ. ಇಂಥದೊಂದು ಸ್ಟೇಷನ್ ಕಟ್ಟುವಾಗ ವೆಲ್ಡರ್‌ಗಳ ಕೈಚಳಕ ಎದ್ದು ಕಾಣುತ್ತದೆ. ಕಾಂಪೌಂಡಿನಾಚೆ ಮನೆಮನೆಗೆ ಹೋಗಿ ಏನು ನಡೆಯಲಿದೆ ಎಂದು ಹೇಳಿಬರುವವರ ಕೆಲಸ ಅಷ್ಟಾಗಿ ಕಾಣುವುದಿಲ್ಲ. ಅದೂ ಪಳಗಿದ ಕೈಯೇ ಮಾಡಬೇಕಾದ ಕೆಲಸ.

‘ಕಾಮಗಾರಿ ನಿಮಿತ್ತ ಆಗುವ ಅಡಚಣೆಗೆ ವಿಷಾದಿಸುತ್ತೇವೆ’ ಎಂದು ಬೋರ್ಡು ನೆಟ್ಟು ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಏನು ಕಂಡೀತು, ಕಿವಿಗೆ ಏನು ಕೇಳೀತು, ಯಾವ ದಿನ, ಎಷ್ಟು ಹೊತ್ತು ಎಂಬುದು ನೆರೆಯವರಿಗೆ ಬೇಕು. ಬೆಸುಗೆಯ ಎಕ್ಸ್‌ರೇ ತೆಗೆಯುವುದನ್ನೇ ನೋಡಿ. ಒಳಗಿನ ಬಿರುಕು ಪತ್ತೆಹಚ್ಚಲು ವಿಕಿರಣದ ಮೂಲ ಬಳಸುತ್ತಾರೆ. ಜನಸಂಚಾರ ಕಡಿಮೆ ಇರಲಿ ಎಂದು ಸಾಮಾನ್ಯವಾಗಿ ರಾತ್ರಿಯೇ ಈ ಕೆಲಸ. ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ, ಒಳಗೆ ಯಾರನ್ನೂ ಬಿಡದೆ ಕಾಯುತ್ತಾರೆ. ಹಿಂದಿನ ದಿನವೇ ಹೇಳದಿದ್ದರೆ ಬೆಳಗಾಗುವಷ್ಟರಲ್ಲಿ ಬಡಾವಣೆಯ ತುಂಬ ಗಾಳಿಸುದ್ದಿ.

ಕೊಳವೆಯಲ್ಲಿ ಉಳಿದ ಅನಿಲವನ್ನು ವೆಂಟ್ ಮೂಲಕ ಹೊರಬಿಡುವಾಗ ಸದ್ದು ಭಾರೀ. ಅನುಭವಸ್ಥರು ಡೆಸಿಬೆಲ್ ಲೆಕ್ಕ ಒಪ್ಪಿಸುವುದಿಲ್ಲ. ‘ಕುಕ್ಕರ್ ಕೂಗಿದ ಹಾಗೆ, ಆದರೆ ನಿಲ್ಲದೆ, ಬಹಳ ಜೋರಾಗಿ’ ಎನ್ನುತ್ತಾರೆ. ಮಗು ಮಲಗುವ ಹೊತ್ತು, ಹಾಸಿಗೆ ಹಿಡಿದ ಹಿರಿಯರಿರುವ ಮನೆ, ಕಟ್ಟಿಹಾಕಿದ ದನ, ಎಲ್ಲವನ್ನೂ ಕೇಳಿ ತಿಳಿದುಕೊಂಡು ಸಮಯ ಗೊತ್ತುಮಾಡುತ್ತಾರೆ.

ನಿಜವಾಗಿ ಕಷ್ಟದ್ದು ವಾಸನೆಯ ಮಾತು. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಯಾರಿಗೂ ಸುಳಿವು ಸಿಗದೆ ಸೋರಿದ ಅನಿಲ ಸ್ಫೋಟಿಸಿ ಮುನ್ನೂರರಷ್ಟು ಜನ, ಹೆಚ್ಚಿನವರು ಮಕ್ಕಳೇ, ಸತ್ತರು. ಆಮೇಲೆ ಅಲ್ಲಿ ವಾಸನೆ ಬೆರೆಸುವುದು ಕಾನೂನಾಯಿತು. ಗಾಳಿಯಲ್ಲಿ ಸುಮಾರು ಶೇ. 5ರಷ್ಟು ಸೇರಿದಾಗ ಅನಿಲ ಹೊತ್ತಿಕೊಳ್ಳಬಲ್ಲದು, ಶೇ. 1ರಷ್ಟಿರುವಾಗಲೇ ಮೂಗಿಗೆ ತಿಳಿಯಬೇಕೆಂಬ ಅಂದಾಜಿನಲ್ಲಿ ಮರ್ಕ್ಯಾಪ್ಟನ್ ಎಂಬ ದ್ರವ ಬೆರೆಸುತ್ತಾರೆ. ಆ ದ್ರವ ಎಷ್ಟು ಘಾಟೆಂದರೆ, ತುಂಬಿಸುವಾಗ ತೊಟ್ಟು ಚೆಲ್ಲಿದರೂ ಅನಿಲ ಸೋರದೆಯೇ ನಾಲ್ಕು ಬೀದಿಗೆ ನಾತ ಹಬ್ಬುತ್ತದೆ.

‘ನಾಳೆ ವಾಸನೆ ಬಂದರೆ ಗಾಬರಿಯಾಗಬೇಡಿ’ ಎಂದು ಹೇಳಿಹೋಗುವುದು ಸುಲಭ, ಆದರೆ ಅಪಾಯ. ಅದೇ ದಿನ ಯಾರದೋ ಅಡುಗೆಮನೆಯಲ್ಲಿ ನಿಜಕ್ಕೂ ಸೋರಿದರೆ ಅವರೂ ಸುಮ್ಮನಿದ್ದುಬಿಡುತ್ತಾರೆ. ಹಾಗಾಗಿ ಬಲ್ಲವರು ಹೇಳುವ ರೀತಿಯೇ ಬೇರೆ: ‘ನಾಳೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸ್ಟೇಷನ್ ಕಡೆಯಿಂದ ವಾಸನೆ ಬರಬಹುದು. ಬಂದರೂ ಫೋನ್ ಮಾಡಿ, ನಾವು ನೋಡುತ್ತೇವೆ. ಮನೆಯೊಳಗೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆದು ಹೊರಗೆ ಹೋಗಿ, ಅಲ್ಲಿಂದ ಕರೆ ಮಾಡಿ.’ ಈ ಮೂರು ವಾಕ್ಯಗಳಲ್ಲಿ ಧೈರ್ಯವೂ ಇದೆ, ಎಚ್ಚರವೂ ಇದೆ. ಸಿಲಿಂಡರ್‌ನ ಎಲ್‌ಪಿಜಿ ನೆಲಕ್ಕಿಳಿದರೆ ಕೊಳವೆಯ ಈ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ ಎಂಬುದನ್ನೂ ಬಿಡಿಸಿ ಹೇಳುತ್ತಾರೆ.

ಸ್ಟೇಷನ್ ಮುಗಿದರೂ ಕೊಳವೆ ನೆಲದಡಿ ಉಳಿಯುತ್ತದೆ, ಮೇಲೆ ಬಾಡಿಗೆಯವರು ಬದಲಾಗುತ್ತಿರುತ್ತಾರೆ. ಆಗ ಮಾಹಿತಿ ತಿರುಗಿ ಹರಿಯಬೇಕು: ಅಗೆಯುವವರು ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಕೊಳವೆಯ ಗುರುತಿನ ಕಲ್ಲಿನ ಪಕ್ಕ ಜೆಸಿಬಿ ಬಂದು ನಿಂತರೆ ಮೊದಲು ಕಾಣುವುದು ಎದುರುಮನೆಯವರಿಗೇ. ಅಂದು ಮನೆಬಾಗಿಲಿಗೆ ಬಂದು ವಿವರಿಸಿದವರ ನಂಬರ್ ಅವರ ಬಳಿ ಇದ್ದರೆ ತಕ್ಷಣ ಫೋನ್ ಮಾಡುತ್ತಾರೆ.