ಜಿಂಕೆಬೇಟೆಯ ಕೂಟಕ್ಕೆ ಸೇರಬಹುದೆ?

ಕಳೆದ ವರ್ಷ ಆಷಾಢದಲ್ಲಿ, ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನಿಂದ ಒಂದು ಕಾಗದ ಬಂದಿತು. ಮಿಂಚಂಚೆಯಲ್ಲಿ ಬಂದುದಾದರೂ ನಾಲ್ಕು ಪುಟಗಳಷ್ಟು ಉದ್ದವಾಗಿದ್ದು, ‘ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರ’ ಎಂದು ಮೊದಲಾಗುತ್ತಿದ್ದುದರಿಂದ ಅದನ್ನು ಕಾಗದವೆನ್ನಲು ನನಗೆ ಸಂಕೋಚವಿಲ್ಲ. ಅವನ ಕಚೇರಿಯ ಹಿರಿಯರೊಬ್ಬರು ತಮ್ಮ ಜಿಂಕೆಬೇಟೆಯ ಕ್ಲಬ್ಬಿಗೆ ಸೇರೆಂದು ಅವನನ್ನು ಕರೆದಿದ್ದರು. 1200 ಎಕರೆ ಪೈನ್ ತೋಪು, ಹದಿನಾಲ್ಕು ಮಂದಿ ಸದಸ್ಯರು, ವರ್ಷಕ್ಕೆ 1000 ಡಾಲರ್ ಚಂದಾ. ಒಂದು ಸ್ಥಾನ ತೆರವಾಗಿದೆ. ಆಗಸ್ಟ್ ಮುಗಿಯುವುದರೊಳಗೆ ಉತ್ತರ ಹೇಳಬೇಕು. ‘ಮನೆಯೊಳಕ್ಕೆ ಬಂದೂಕ ಬಂದರೆ ನಾನು ಹೊರಕ್ಕೆ’ ಎಂದು ಹೆಂಡತಿ ಹೇಳಿದ್ದಾಳೆ. ಹನ್ನೊಂದು ವರ್ಷದ ಮಗ ಮಾತ್ರ ಆಗಲೇ ಕಿತ್ತಳೆ ಬಣ್ಣದ ಟೋಪಿಯೊಂದನ್ನು ಆರಿಸಿಟ್ಟುಕೊಂಡಿದ್ದಾನೆ. ‘ಮೇಷ್ಟ್ರೇ, ಪಾಂಡುವಿನ ಬೇಟೆಯ ಪಾಠ ಹೇಳಿದವರು ನೀವು. ನಾನೇನು ಮಾಡಲಿ?’

ಓದಿ ಮೊದಲು ನಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಇಂಥ ಪ್ರಶ್ನೆ ಹುಟ್ಟುವಂತೆಯೇ ಇಲ್ಲ. ಜಿಂಕೆಯ ಮೇಲೆ ಕೋವಿ ಎತ್ತಿದವನು ಸೆರೆಮನೆಗೆ ಹೋಗಬೇಕಾದೀತು. ಆದರೆ ಕಾಗದದ ಕೊನೆಯಲ್ಲಿ ಒಂದು ಸಾಲಿದ್ದಿತು: ‘ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಯವರೊಬ್ಬರು ನಮ್ಮ ಜೊತೆ ಬಾ ಎಂದು ಕರೆದದ್ದು ಇದೇ ಮೊದಲು.’ ಆ ಸಾಲನ್ನು ಓದಿದ ಬಳಿಕ ನಗೆ ನಿಂತಿತು. ಅವನದು ಮಾಂಸ ತಿನ್ನುವ ಮನೆಯೇ. ಆದ್ದರಿಂದ ಅಹಿಂಸೆಯ ಹೆಸರೆತ್ತಿ ಒಂದೇ ಮಾತಿನಲ್ಲಿ ಜಾರಿಕೊಳ್ಳುವುದೂ ನನಗೆ ಸಾಧ್ಯವಿರಲಿಲ್ಲ.

ಈ ಕ್ಲಬ್ಬೆಂದರೇನೆಂದು ವಾಚಕರಿಗೆ ಸ್ವಲ್ಪ ಹೇಳಬೇಕು. ಜಾರ್ಜಿಯಾದ ಕಾಡಿನ ಬಹುಪಾಲು ಖಾಸಗಿಯವರ ಸ್ವತ್ತು. ಅದರಲ್ಲಿ ಮರದ ಕಂಪನಿಗಳ ಪೈನ್ ತೋಪುಗಳೂ ಬಹಳ. ಮರ ಬೆಳೆದು ಕೊಯ್ಲಿಗೆ ಬರುವವರೆಗೆ ಕಂಪನಿಗೆ ಆ ನೆಲದಿಂದ ಬೇರೆ ಆದಾಯವಿಲ್ಲ. ಆದ್ದರಿಂದ ಹತ್ತಾರು ಜನ ಒಟ್ಟುಗೂಡಿ ಬೇಟೆಯ ಹಕ್ಕನ್ನು ವರ್ಷಗುತ್ತಿಗೆಗೆ ಪಡೆಯುತ್ತಾರೆ. ಕಂಪನಿಗೆ ಬಾಡಿಗೆ ಬಂತು, ಜೊತೆಗೆ ಸಂಬಳವಿಲ್ಲದ ಕಾವಲುಗಾರರೂ ದೊರೆತರು. ಬೇಟೆಗಾರರಿಗೆ ಪರಿಚಿತರಲ್ಲದವರ ಗುಂಡು ಸುಳಿಯದ ಕಾಡು ಸಿಕ್ಕಿತು. ತೋಪಿನ ಬಾಗಿಲಲ್ಲಿ ಒಂದು ನಕ್ಷೆಯ ಹಲಗೆ ಇರುತ್ತದೆಯಂತೆ. ಒಳಗೆ ಹೋಗುವವನು ತಾನು ಕೂರುವ ಅಟ್ಟಣೆಯ ಮೇಲೆ ತನ್ನ ಹೆಸರಿನ ಚೀಟಿಯನ್ನು ಸಿಕ್ಕಿಸಿ ಹೋಗಬೇಕು; ಹೊರಡುವಾಗ ತೆಗೆಯಬೇಕು. ಮೈಮೇಲೆ ಕಿತ್ತಳೆ ಬಣ್ಣದ ಅಂಗಿ ಇರಲೇಬೇಕೆಂಬುದು ಬಂದೂಕದ ಋತುವಿನಲ್ಲಿ ಸರ್ಕಾರದ ಕಟ್ಟಳೆ. 1961ರ ಜನವರಿ 1ರಂದಾಗಲಿ ಆಮೇಲಾಗಲಿ ಹುಟ್ಟಿದವರು ಬೇಟೆಯ ಶಿಕ್ಷಣ ಪಡೆದಿರಬೇಕು. ಇಷ್ಟಾದರೂ ಗುಂಡಿಗೆ ಸಿಕ್ಕುವುದಕ್ಕಿಂತ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಅಲ್ಲಿ ಕಡಮೆಯದಲ್ಲ. ವಿಮೆ, ಅತಿಥಿಗಳ ನಿಯಮ, ದಂಡ ಇವೆಲ್ಲ ಯಾವ ಸಂಘದಲ್ಲಿಯೂ ಇರತಕ್ಕವೇ, ಅವನ್ನು ಬಿಡೋಣ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಆ ನೆಲ ಕಂಪನಿಯದು, ಆದರೆ ಅದರ ಮೇಲೆ ಮೇಯುವ ಜಿಂಕೆ ಕಂಪನಿಯದಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಜಿಂಕೆ ಅರಸನದು. ಅಮೆರಿಕದವರು ಅರಸನಿದ್ದ ಸ್ಥಾನದಲ್ಲಿ ಪ್ರಜೆಗಳನ್ನು ಕೂರಿಸಿದರು. ಕಾಡುಮೃಗ ಸಮಸ್ತ ಪ್ರಜೆಗಳ ಆಸ್ತಿ, ಸಂಸ್ಥಾನದ ಸರ್ಕಾರ ಅದರ ಪಾಲಕ. ಬೇಟೆಯ ಜಿಂಕೆಯ ಮಾಂಸವನ್ನು ಯಾರೂ ಮಾರುವಂತಿಲ್ಲ. ಕಾಳಿದಾಸನ ಶಾಕುಂತಲದ ಮೊದಲಂಕವನ್ನು ನೆನೆಯಿರಿ. ದುಷ್ಯಂತನ ಬಾಣಕ್ಕೆ ಅಡ್ಡ ಬಂದ ತಪಸ್ವಿಗಳು ದಯೆಯ ಮಾತಿಗೆ ಮೊದಲು ಹೇಳಿದ್ದು ಅದು ಆಶ್ರಮದ ಮೃಗವೆಂಬುದನ್ನು. ಯಾರ ಜಿಂಕೆ ಎಂಬ ವಿಚಾರ ಅಷ್ಟು ಹಳೆಯದು. ಈಗ ಜಾರ್ಜಿಯಾದಲ್ಲಿ ಎಲ್ಲರದೂ ಆದ ಜಿಂಕೆಯನ್ನು ತಲಪುವ ದಾರಿ ಮಾತ್ರ ಚಂದಾ ಕೊಟ್ಟವರದು! ಸರ್ಕಾರದ ಸಾರ್ವಜನಿಕ ಬೇಟೆಯ ನೆಲಗಳೂ ಉಂಟು. ಅಲ್ಲಿ ಋತುವಿನ ಮೊದಲ ಶನಿವಾರ ಸಂತೆಯ ನೂಕುನುಗ್ಗಲೆಂದು ಶಿಷ್ಯನೇ ಬರೆದಿದ್ದ. ದಿನಗೂಲಿಯವನು ಸಂತೆಗೆ, ಎಂಜಿನಿಯರು ತೋಪಿಗೆ. ನನಗೆ ಇದು ಹಿತವೆನಿಸಲಿಲ್ಲ.

ಆದರೂ ಬೇಟೆಗಾರರನ್ನು ಸಾರಾಸಗಟಾಗಿ ಹಳಿಯುವ ಮೊದಲು ಆರ್ಥರ್ ವುಡಿ ಎಂಬ ರೇಂಜರನ ಕಥೆಯನ್ನು ಕೇಳಬೇಕು. ಉತ್ತರ ಜಾರ್ಜಿಯಾದ ಬೆಟ್ಟಗಳಲ್ಲಿ ಉಳಿದಿದ್ದ ಕೊನೆಯ ಜಿಂಕೆಯನ್ನು 1895ರಲ್ಲಿ ಅವನ ತಂದೆಯೇ ಹೊಡೆದನೆಂದು ಹೇಳುತ್ತಾರೆ. ಹುಡುಗನಿಗೆ ಆಗ ಹನ್ನೊಂದು ವರ್ಷವಿರಬಹುದು. ಮುಂದೆ ಅವನು ಅದೇ ಬೆಟ್ಟಗಳ ಅರಣ್ಯಾಧಿಕಾರಿಯಾಗಿ, 1920ರ ದಶಕದ ಕೊನೆಯ ವರ್ಷಗಳಲ್ಲಿ ಸ್ವಂತ ದುಡ್ಡಿನಿಂದ ಜಿಂಕೆಮರಿಗಳನ್ನು ಕೊಂಡುತಂದು, ಸಾಕಿ, ಕಾಡಿಗೆ ಬಿಟ್ಟನು. ತಂದೆ ಬರಿದುಮಾಡಿದುದನ್ನು ಮಗ ತುಂಬಿದನು. 1937ರಲ್ಲಿ ಬಂದೂಕ ಮದ್ದುಗುಂಡುಗಳ ಮೇಲೆ ಹಾಕುವ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೇ ಮೀಸಲಿಡುವ ಕಾನೂನನ್ನು ಅಮೆರಿಕ ಮಾಡಿತು. ಹೊಡೆಯುವವನ ಹಣವೇ ಕಾಯುವುದಕ್ಕೆ ಬಂದಿತು. ಇಂದು ಜಾರ್ಜಿಯಾದಲ್ಲಿರುವ ಬಿಳಿಬಾಲದ ಜಿಂಕೆಗಳು ಹತ್ತು ಲಕ್ಷಕ್ಕೂ ಮಿಕ್ಕಿವೆ. ತೋಳ ಅಲ್ಲಿಂದ ಎಂದೋ ಅಳಿದುಹೋಗಿದೆ. ತುಂಬು ಪ್ರಾಯದ ಹೆಣ್ಣು ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ. ಜಿಂಕೆ ಅತಿಯಾದಲ್ಲಿ ಎಳೆಯ ಸಸಿ ಮೇಲೇಳುವುದಿಲ್ಲ, ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುವುದೂ ತಪ್ಪುವುದಿಲ್ಲ. ಜಿಂಕೆಗಳನ್ನು ಕೃಶವಾಗಿಸಿ ಕೊಲ್ಲುವ ಒಂದು ರೋಗ 2025ರ ಜನವರಿಯಲ್ಲಿ ಜಾರ್ಜಿಯಾದಲ್ಲಿಯೂ ಕಾಣಿಸಿಕೊಂಡಿತು. ಅದರ ಜಾಡು ಹಿಡಿಯಲು ಸರ್ಕಾರಕ್ಕೆ ಬೇಟೆಗಾರರು ತಂದೊಪ್ಪಿಸುವ ಜಿಂಕೆಗಳೇ ಬೇಕು. ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಮಾಡುವ ಕೆಲಸಕ್ಕೆ ಅಲ್ಲಿ ಮನುಷ್ಯನೇ ಗತಿ. ಈ ವಾದವನ್ನು ನಮ್ಮ ಕಾಡಿಗೆ ತಂದು ಹೇಳುವವರನ್ನು ನಾನು ನಂಬಲಾರೆ. ಅಲ್ಲಿಯ ಮಟ್ಟಿಗೆ ಅದು ಸತ್ಯ.

ಆದರೆ ಕ್ಲಬ್ಬಿನ ಸದಸ್ಯರ ಕಣ್ಣು ಇರುವುದು ಕೊಂಬಿನ ಮೇಲೆ. ಕೊಂಬಿನ ಹರವು ಕಿವಿಗಳ ಹರವನ್ನು ದಾಟದ ಗಂಡನ್ನು ಹೊಡೆಯಬಾರದೆಂಬ ನಿಯಮ ಶಿಷ್ಯನ ಕ್ಲಬ್ಬಿನಲ್ಲಿಯೂ ಇದೆ. ಎಳೆಯ ಗಂಡು ಬದುಕಲಿ ಎಂಬುದು ಅದರ ಒಂದು ಅರ್ಥ. ಬಲಿತ ಕೊಂಬು ಗೋಡೆಗೆ ಬರಲಿ ಎಂಬುದು ಇನ್ನೊಂದು. ಎರಡನೆಯದೇ ಬಲವಾದದ್ದೆಂದು ನನ್ನ ಅನುಮಾನ. ನಮ್ಮ ಕೊಪ್ಪದ ಕಡೆಯ ಮನೆಯ ಜಗಲಿಯಲ್ಲಿ ಅಜ್ಜ ಕೇಪಿನ ಕೋವಿಯಿಂದ ಹೊಡೆದ ಕಡವೆಯ ಕೊಂಬೊಂದಿತ್ತು. ನಾನು ಕಂಡಂತೆ ಅದರ ಉಪಯೋಗ ಒದ್ದೆ ಕೊಡೆಯನ್ನು ತೂಗುಹಾಕುವುದಷ್ಟೆ. ಅಜ್ಜನ ಕಾಲದಲ್ಲಿ ಮಾಂಸ ಪಾಲಾಗುತ್ತಿತ್ತು: ಹೊಡೆದವನಿಗೆ ಒಂದು ಪಾಲು ಹೆಚ್ಚು, ಹಳು ನುಗ್ಗಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ಆ ಪಾಲಿನ ನೆನಪು ಹೋಯಿತು, ಕೊಂಬು ಉಳಿಯಿತು. 2024ರ ಆರಂಭದಲ್ಲಿ ಇಂಥ ವಸ್ತುಗಳನ್ನು ಒಪ್ಪಿಸಲು ಕರ್ನಾಟಕ ಸರ್ಕಾರ ಅವಕಾಶ ಕೊಟ್ಟಾಗ ನನ್ನ ಅಣ್ಣ ಅದನ್ನು ಗೋಣಿಯಲ್ಲಿ ಸುತ್ತಿ ಅರಣ್ಯ ಕಚೇರಿಗೆ ಕೊಟ್ಟು ಬಂದನು.

ಇನ್ನು ಪಾಂಡುವಿನ ಮಾತು. ತರಗತಿಯಲ್ಲಿ ನಾವು ಈ ಪ್ರಸಂಗವನ್ನು ಶಾಪದ ಕಥೆಯಾಗಿ ಹೇಳಿ ಮುಂದೆ ಸಾಗುತ್ತೇವೆ. ನಾನೂ ಹಾಗೆಯೇ ಹೇಳಿದ್ದೆನೆಂದು ತೋರುತ್ತದೆ. ಶಿಷ್ಯನ ಕಾಗದದ ನೆಪದಲ್ಲಿ ಮಹಾಭಾರತದ ಆದಿಪರ್ವವನ್ನು ಮತ್ತೆ ತೆರೆದೆ. ಬಾಣ ತಗಲಿ ಬಿದ್ದ ಜಿಂಕೆ ಮಾತನಾಡುತ್ತದೆ. ಅದು ಕಿಂದಮನೆಂಬ ಋಷಿ. ಪಾಂಡು ಪಶ್ಚಾತ್ತಾಪದಿಂದ ಕುಗ್ಗುವುದಿಲ್ಲ. ಬೇಟೆ ಅರಸರ ಧರ್ಮವೆಂದು, ಅಗಸ್ತ್ಯನೂ ಆಡಿದುದೆಂದು ವಾದಿಸುತ್ತಾನೆ. ಋಷಿಯ ಉತ್ತರ ನನ್ನನ್ನು ಬೆರಗುಗೊಳಿಸಿತು. ಮೃಗವನ್ನು ಕೊಂದೆಯೆಂದು ನಾನು ನಿನ್ನನ್ನು ನಿಂದಿಸುತ್ತಿಲ್ಲ, ಕೂಡಿರುವ ಹೊತ್ತನ್ನು ನೀನು ಕಾಯಲಿಲ್ಲ ಎಂಬುದು ಅದರ ತಾತ್ಪರ್ಯ. ಅವನ ಆಕ್ಷೇಪ ಇರುವುದು ಕಾಲದ ಮೇಲೆ.

ಈ ಮಾತನ್ನು ಜಾರ್ಜಿಯಾದ ಪಂಚಾಂಗದ ಮುಂದೆ ಇಟ್ಟು ನೋಡಿದೆ. ಅಲ್ಲಿ ಬಂದೂಕದ ಬೇಟೆ ಅಕ್ಟೋಬರಿನ ನಡುವಿನಲ್ಲಿ ತೊಡಗಿ ಜನವರಿಯವರೆಗೆ ನಡೆಯುತ್ತದೆ. ಬೇಸಗೆಯಲ್ಲಿ ಹುಟ್ಟಿದ ಮರಿಗಳು ಅಷ್ಟರಲ್ಲಿ ಹಾಲು ಬಿಟ್ಟಿರುತ್ತವೆ. ಅಷ್ಟು ಕರುಣೆ ಕಾನೂನಿಗೆ ಇದೆ. ಆದರೆ ನಡುನಾಡಿನ ಆ ತೋಪುಗಳಲ್ಲಿ ಅಕ್ಟೋಬರಿನ ಕೊನೆಯಿಂದ ನವೆಂಬರಿನ ನಡುವಿನವರೆಗೆ ಜಿಂಕೆಗಳು ಕೂಡುವ ಕಾಲ. ಆಗ ಗಂಡು ಎಚ್ಚರ ತಪ್ಪಿ ಹಗಲಿನಲ್ಲಿಯೇ ಬಯಲಿಗೆ ಬರುವುದರಿಂದ, ಬೇಟೆಗಾರರು ರಜೆ ಹಾಕಿ ಅಟ್ಟಣೆ ಏರುವುದೂ ಆಗಲೇ. ಬೆದೆಗೆ ಬಂದ ಹೆಣ್ಣಿನ ವಾಸನೆಯನ್ನು ಸೀಸೆಯಲ್ಲಿ ತುಂಬಿ ಅಂಗಡಿಯಲ್ಲಿ ಮಾರುತ್ತಾರಂತೆ. ಪಾಂಡುವಾದರೂ ಅಕಸ್ಮಾತ್ತಾಗಿ ಆ ಹೊತ್ತಿಗೆ ಬಂದವನು. ಇವರು ಆ ಹೊತ್ತಿಗೇ ಕಾದು ಕೂರುತ್ತಾರೆ.

ಕೊನೆಗೆ ಶಿಷ್ಯನಿಗೆ ನಾನು ಬರೆದದ್ದು ಹೀಗೆ. ಹೆಂಡತಿ ಮನಸ್ಸಿನಿಂದ ಒಪ್ಪದ ಹೊರತು ಬಂದೂಕದ ಮಾತನ್ನೇ ಎತ್ತಬೇಡ. ಈ ವರ್ಷ ಚಂದಾ ಕೊಡಬೇಡ. ದಾರಿ ಸವರುವ, ಬಿತ್ತುವ, ಅಟ್ಟಣೆ ಕಟ್ಟುವ ಶ್ರಮದಾನದ ದಿನಗಳಲ್ಲಿ ಅವರು ಬರಗೊಟ್ಟರೆ ಮಗನನ್ನು ಕರೆದುಕೊಂಡು ಹೋಗು. ಬೇಟೆಯಿಲ್ಲದ ದಿನವೂ ನಿನ್ನನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆಯೆ ಎಂಬುದು ಅಲ್ಲಿ ತಿಳಿಯುತ್ತದೆ. ಮುಂದಿನ ವರ್ಷ ಸೇರುವುದಾದರೆ ಕೊಂಬಿನ ಆಸೆ ಬಿಟ್ಟು, ಸರ್ಕಾರ ಗೊತ್ತುಮಾಡಿದಷ್ಟರೊಳಗೆ, ಮನೆಯ ಊಟಕ್ಕಾಗುವಷ್ಟು ಹೆಣ್ಣನ್ನೇ ಹೊಡೆ. ಸಂಖ್ಯೆ ಇಳಿಯಬೇಕೆಂಬ ವಾದ ನಿಜವಾದರೆ ಇಳಿಯುವುದು ಹಾಗೆಯೇ. ಕಿಂದಮನ ಮಾತಿಗೆ ಬೆಲೆ ಕೊಡುವೆಯಾದರೆ ನವೆಂಬರಿನಲ್ಲಿ ಅಟ್ಟಣೆ ಏರಬೇಡ. ಡಿಸೆಂಬರಿನಲ್ಲಿ ಹೆಣ್ಣು ಬಸುರಿ. ಉಳಿಯುವುದು ಅಕ್ಟೋಬರಿನ ಎರಡು ವಾರ.

ಅವನ ಉತ್ತರ ಗಣೇಶನ ಹಬ್ಬದ ಮರುವಾರ ಬಂದಿತು. ‘ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಎಪ್ಪತ್ತು ಡಾಲರಾಯಿತು’ ಎಂದು ಮೊದಲು ಮಾಡಿದ್ದ. ತೆರವಾಗಿದ್ದ ಸ್ಥಾನ ಇನ್ನೊಬ್ಬರಿಗೆ ಹೋಗಿತ್ತು. ಆದರೂ ಶನಿವಾರ ಬೆಳಿಗ್ಗೆ ಹಿರಿಯರು ಕರೆದರೆಂದು ತಂದೆಮಕ್ಕಳಿಬ್ಬರೂ ತೋಪಿಗೆ ಹೋಗಿ ಓಟ್ಸ್ ಬಿತ್ತಿ ಬಂದಿದ್ದರು. ಮಧ್ಯಾಹ್ನ ಎಲ್ಲರ ಜೊತೆ ಊಟ. ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಮೊದಲು ಖಾಲಿಯಾಯಿತಂತೆ. ಮಗ ಕೆಸರಿನಲ್ಲಿ ಹದಿನೇಳು ಹೆಜ್ಜೆಗುರುತುಗಳನ್ನು ಎಣಿಸಿ, ಅವುಗಳಲ್ಲಿ ಮರಿಯದು ಯಾವುದೆಂದು ಹಿರಿಯರನ್ನು ಕೇಳಿ ತಿಳಿದುಕೊಂಡನಂತೆ.