ಬಾಗ್ಲು ಹಾಕ್ರೋ, ಊಜಿ ಬರುತ್ತೆ!

ನಾವು ಮೂವರು ಕಡೂರು, ತರೀಕೆರೆ, ಅಜ್ಜಂಪುರದವರು. ನಮ್ಮ ಕಡೆ ಅಂದ್ರೆ ಅಡಿಕೆ, ತೆಂಗು ಅಂತಲೇ ಎಲ್ಲರ ಲೆಕ್ಕ. ಆದ್ರೆ ನಮ್ಮಲ್ಲೊಬ್ಬನ ಚಿಕ್ಕಪ್ಪ ಕಡೂರಿನ ಹತ್ರ ರೇಷ್ಮೆಹುಳು ಸಾಕ್ತಾರೆ. ರಜೆಯಲ್ಲಿ ಫೋಟೋ ತೆಗೆಯೋಕೆ ಅವರ ಹುಳುಮನೆಗೆ ಹೋದ್ವಿ. ಒಳಗೆ ಹೋದವರು ಬಲೆಯ ಬಾಗಿಲು ಹಾಕೋದನ್ನೇ ಮರೆತ್ವಿ. ಚಿಕ್ಕಪ್ಪ ಕೂಗಿದ್ರು: "ಬಾಗ್ಲು ಹಾಕ್ರೋ ಮೊದ್ಲು, ಊಜಿ ಬರುತ್ತೆ!" ಒಂದು ನೊಣಕ್ಕೆ ಇಷ್ಟು ಗಾಬರಿನಾ ಅಂತ ನಕ್ಕಿದ್ವಿ.

ಜಪಾನಿ ಭಾಷೆಯಲ್ಲಿ ಉಜಿ ಅಂದ್ರೆ ನೊಣದ ಮರಿಹುಳು. ಈ ನೊಣದ ವೈಜ್ಞಾನಿಕ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್. ಮನೆನೊಣಕ್ಕಿಂತ ಸ್ವಲ್ಪ ದೊಡ್ಡದು, ಬೆನ್ನ ಮೇಲೆ ನಾಲ್ಕು ಕಪ್ಪು ಪಟ್ಟೆ. ಕರ್ನಾಟಕಕ್ಕೆ ಇದು ಕಾಲಿಟ್ಟಿದ್ದು 1980ರಲ್ಲಿ, ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ. ಟಿಕೆಟ್ ಇಲ್ಲದ ಪ್ರಯಾಣಿಕ!

ಹೆಣ್ಣು ನೊಣ ರೇಷ್ಮೆಹುಳದ ಮೈಮೇಲೆ ಒಂದೋ ಎರಡೋ ಬಿಳಿ ಮೊಟ್ಟೆ ಅಂಟಿಸಿ ಮುಂದಿನ ಹುಳಕ್ಕೆ ಹೋಗುತ್ತೆ. ಹೀಗೆ ಜೀವಮಾನದಲ್ಲಿ ಸುಮಾರು 300. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದ ಮರಿ ಚರ್ಮ ಕೊರೆದು ಒಳಗೆ ನುಗ್ಗುತ್ತೆ. ಅದಕ್ಕೂ ಉಸಿರಾಡಬೇಕಲ್ಲ? ಹೊಕ್ಕ ತೂತಿನ ಹತ್ರವೇ ಇದ್ದು ಅಲ್ಲಿಂದ ಗಾಳಿ ಎಳ್ಕೊಳ್ಳುತ್ತೆ. ಆ ಜಾಗ ಕಪ್ಪಾಗುತ್ತೆ. ರೈತರು ಹುಡುಕೋದು ಈ ಕಪ್ಪು ಚುಕ್ಕೆಯನ್ನೇ.

ನಾಲ್ಕನೇ ಜ್ವರದ ಮುಂಚೆ ಅಥವಾ ಅದು ಮುಗಿದ ಕೂಡಲೇ ಊಜಿ ಬಡಿದ್ರೆ ಹುಳ ಗೂಡು ಕಟ್ಟೋ ಮೊದಲೇ ಸಾಯುತ್ತೆ. ಹಣ್ಣಾಗೋ ಹೊತ್ತಿಗೆ ಬಡಿದ್ರೆ ಹುಳ ಚಂದ್ರಂಕಿ ಹತ್ತಿ ಗೂಡೇನೋ ಕಟ್ಟುತ್ತೆ, ಆದ್ರೆ ಒಳಗಿನ ಮರಿ ಗೂಡನ್ನೇ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ಒಳ್ಳೇ ಗೂಡಲ್ಲಿ ಕಿಲೋಮೀಟರ್ ಹತ್ರ ಉದ್ದದ ಒಂದೇ ಎಳೆ ಇರುತ್ತೆ. ಒಂದು ತೂತು ಬಿದ್ರೆ ಅದು ನೂರಾರು ತುಂಡು, ನೂಲು ತೆಗೆಯೋಕೆ ಬರಲ್ಲ. ಹೊರಬಿದ್ದ ಮರಿ ನೆಲದ ಬಿರುಕಲ್ಲಿ ಕೋಶವಾಗಿ ಹತ್ತು ಹನ್ನೆರಡು ದಿನಕ್ಕೆ ಮತ್ತೆ ನೊಣ.

ಈ ಊಜಿಗೂ ಒಬ್ಬ ಶತ್ರು ಇದೆ: ನೆಸೊಲಿಂಕ್ಸ್ ಥೈಮಸ್ ಅನ್ನೋ ಪುಟಾಣಿ ಕಣಜ. ಊಜಿಯ ಕೋಶದೊಳಗೇ ಮೊಟ್ಟೆ ಇಡುತ್ತೆ. ಇದನ್ನು ಸಾಕಿ ಹುಳುಮನೆಗಳಲ್ಲಿ ಬಿಡ್ತಾರೆ. ಆದ್ರೂ ಮೊದಲ ಕಾವಲು ಕಿಟಕಿ, ಬಾಗಿಲಿನ ನೈಲಾನ್ ಬಲೆನೇ.

ನಾವು ಹಾಸ್ಟೆಲ್‌ಗೆ ವಾಪಸ್ ಬಂದು ನಾಲ್ಕು ದಿನಕ್ಕೆ ಚಿಕ್ಕಪ್ಪ ಫೋನ್ ಮಾಡಿದ್ರು. ಏಳು ಹುಳದ ಮೇಲೆ ಕಪ್ಪು ಚುಕ್ಕೆ. ಬೈಯಲಿಲ್ಲ. "ಆರಿಸಿ ತೆಗೆದಿದೀನಿ, ನೀವು ಪರೀಕ್ಷೆ ನೋಡ್ಕೊಳ್ರಪ್ಪಾ" ಅಂದ್ರು.