ಕೊನೆಯ ಮಂಚದ ಪಕ್ಕದ ಪುಸ್ತಕ

ತಿಪಟೂರಿನಲ್ಲಿ ಬಸ್ಸಿಳಿದು ಆಟೊ ಹತ್ತಿದಾಗ ಮೂರೂವರೆ ಗಂಟೆ. ಬರುತ್ತೇನೆಂದು ಫೋನ್ ಮಾಡಿರಲಿಲ್ಲ, ಬೇಕೆಂದೇ ಮಾಡಿರಲಿಲ್ಲ. ತುರುವೇಕೆರೆ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಈಗ ಎಂಬತ್ತಮೂರು. ಹೋದ ವರ್ಷ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಮಗ ಬೆಂಗಳೂರಿನಲ್ಲಿದ್ದಾನೆ. ಹಳ್ಳಿಯಲ್ಲೇ ಇದ್ದು ನೋಡಿಕೊಳ್ಳುತ್ತಿದ್ದ ಸೊಸೆಗೆ ಸೊಂಟದ ಆಪರೇಷನ್ ಆಗಿದೆ. ಅತ್ತೆಯನ್ನು ನೋಡಿಕೊಳ್ಳುವಂಥ ಜಾಗ ಹುಡುಕುವ ಕೆಲಸ ನನಗೆ ಬಂತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿ ನೋಡಿದ್ದರಲ್ಲಿ ಇದು ನಾಲ್ಕನೆಯದು. ಹೆಸರು ಬರೆಯಬೇಡಿ ಎಂದು ನಡೆಸುವವರು ಕೇಳಿಕೊಂಡರು. ಬರೆಯುವುದಿಲ್ಲ.

ಮೊದಲು ಒಂದು ಮಾತಿನ ಗೊಂದಲ ಬಿಡಿಸಬೇಕು. ನಮ್ಮ ಕಡೆ ನರ್ಸಿಂಗ್ ಹೋಂ ಅಂದರೆ ಹೆರಿಗೆ, ಡ್ರಿಪ್, ಸಣ್ಣಪುಟ್ಟ ಆಪರೇಷನ್ ನಡೆಯುವ ಖಾಸಗಿ ಆಸ್ಪತ್ರೆ. ಅದಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ; ನೋಂದಣಿ ಇರಬೇಕು, ದರಪಟ್ಟಿ ಜನರಿಗೆ ಕಾಣುವಂತೆ ಹಾಕಿರಬೇಕು. ವೃದ್ಧಾಶ್ರಮ ಅಂದರೆ ಎದ್ದು ಓಡಾಡುವ ವಯಸ್ಸಾದವರಿಗೆ ಊಟ, ವಸತಿ. ನಮ್ಮತ್ತೆಯಂಥವರು ಎರಡರ ನಡುವೆ ಬೀಳುತ್ತಾರೆ. 'ಇನ್ನು ನಮ್ಮಿಂದ ಆಗೋದೇನಿಲ್ಲ, ಮನೆಗೆ ಕರ್ಕೊಂಡ್ಹೋಗಿ' ಎಂದು ಆಸ್ಪತ್ರೆ ಹೇಳುತ್ತದೆ. 'ಹಾಸಿಗೆ ಹಿಡಿದವರನ್ನ ನಾವು ತಗೊಳಲ್ಲ' ಎಂದು ಆಶ್ರಮ ಹೇಳುತ್ತದೆ. ನಾನು ಈ ಊರುಗಳಲ್ಲಿ ಹುಡುಕುತ್ತಿದ್ದದ್ದು ಆ ನಡುವಿನ ಮನೆಯನ್ನು.

ಒಂಬತ್ತು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೂ ಹೀಗೇ ಒಂದು ಮನೆ ಹುಡುಕಿದ್ದೆ, ಬೇರೆ ಊರಿನಲ್ಲಿ. ಆಫೀಸ್ ರೂಮು ತಣ್ಣಗಿತ್ತು, ಮೀನಿನ ತೊಟ್ಟಿ ಇತ್ತು, ಮಾತನಾಡಿದ ಹುಡುಗಿ ವಿನಯವಾಗಿದ್ದಳು. ಹಣ ಕಟ್ಟಿ ಬಂದೆ. ಮೂರು ತಿಂಗಳಿಗೆ ದೊಡ್ಡಮ್ಮನ ಬೆನ್ನಿನ ಬುಡದಲ್ಲಿ ಅಂಗೈಯಗಲದ ಹುಣ್ಣಾಗಿತ್ತು. ಪೌಡರಿನ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಬಂದು ಹೋದಾಗಲೆಲ್ಲ ಅವರ ಮುಖ ನೋಡಿದ್ದೆನೇ ಹೊರತು ಮಗ್ಗುಲು ಹೊರಳಿಸಿ ನೋಡಿರಲಿಲ್ಲ. ಆ ತಪ್ಪು ಇನ್ನೊಮ್ಮೆ ಆಗಬಾರದು. ಅದಕ್ಕೇ ಈಗ ಎಲ್ಲಿಗೆ ಹೋದರೂ ಕೊನೆಯ ಮಂಚ ಎಲ್ಲಿದೆ ಎಂದು ಕೇಳುತ್ತೇನೆ. ಮಾತು ನಿಂತವರು, ನೆಂಟರು ಬಾರದವರು, ದೂರು ಹೇಳಲಾಗದವರು ಮಲಗಿರುವುದು ಅಲ್ಲಿ. ಅವರ ಮೈ ಹೇಗಿದೆಯೋ ಆ ಮನೆಯೂ ಹಾಗೆಯೇ.

ತೆಂಗಿನ ತೋಟದ ನಡುವೆ, ತೋಟದ ಮನೆಯನ್ನೇ ಹಿಗ್ಗಿಸಿ ಕಟ್ಟಿದ ಉದ್ದನೆಯ ಕಟ್ಟಡ. ಹತ್ತೊಂಬತ್ತು ಜನ ಇದ್ದಾರೆ. ನಡೆಸುವವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಹೇಳದೆ ಬಂದದ್ದಕ್ಕೆ ಬೇಸರಪಡಲಿಲ್ಲ. 'ಸ್ನಾನದ ಮನೆ ಈಗಷ್ಟೇ ತೊಳೆದವ್ರೆ, ಜಾರುತ್ತೆ, ಹುಷಾರು' ಎಂದಷ್ಟೇ ಹೇಳಿ ಒಳಗೆ ಬಿಟ್ಟರು.

ಜಗಲಿಯಲ್ಲಿ ಎಂಟು ಮಂದಿ ಕೂತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಎಷ್ಟು ಜನ ಎಚ್ಚರವಾಗಿದ್ದಾರೆ ಎಂದು ಎಣಿಸುವುದು ನನ್ನ ಎರಡನೆಯ ಕೆಲಸ. ಹಿಂದೆ ನೋಡಿದ ಒಂದು ಕಡೆ ಈ ಹೊತ್ತಿನಲ್ಲಿ ಎಲ್ಲರೂ ಬಾಯಿ ತೆರೆದು ಮಲಗಿದ್ದರು. 'ನಮ್ಮಲ್ಲಿ ಗಲಾಟೆನೇ ಇಲ್ಲ' ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು. ನಿದ್ದೆ ಮಾತ್ರೆ ಯಾರಿಗೆ ಕೊಡುತ್ತೀರಿ, ಯಾವ ಡಾಕ್ಟರು ಬರೆದದ್ದು, ಚೀಟಿ ತೋರಿಸಿ ಎಂದರೆ ಮಾತು ಬೇರೆ ಕಡೆ ಹೋಯಿತು. ಇಲ್ಲಿ ಗಲಾಟೆ ಇತ್ತು. ಒಬ್ಬರು ರೇಡಿಯೊ ಜೋರು ಮಾಡಿದ್ದಕ್ಕೆ ಇನ್ನೊಬ್ಬರು ಬೈಯುತ್ತಿದ್ದರು.

ಮೂಲೆಯಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತು, ಅಟ್ಟದಿಂದ ಇಳಿಸಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಈ ಸೀಮೆಯ ಉಂಡೆ ಕೊಬ್ಬರಿ ಆಗುವುದು ಬಿಸಿಲಲ್ಲಲ್ಲ, ಅಟ್ಟದ ಮೇಲೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಟಗಟ ಅನ್ನುತ್ತದೆ. ಒಡೆಯದೇ ಒಳಗಿನದನ್ನು ತಿಳಿಯುವ ಕಿವಿ ಆ ಅಜ್ಜಿಗಿನ್ನೂ ಇತ್ತು. ಕಣ್ಣು ಹೆಚ್ಚುಕಡಿಮೆ ಹೋಗಿದೆ. 'ಇದ್ರಾಗೆ ಇನ್ನೂ ನೀರೈತೆ, ಮ್ಯಾಕಾಕು' ಎಂದು ಒಂದನ್ನು ಎಡಕ್ಕೆ ಸರಿಸಿದರು. ನನ್ನ ಹೆಜ್ಜೆ ಸದ್ದು ಕೇಳಿ, 'ಯಾರ ಪೈಕಿಯವ್ವ ನೀನು?' ಎಂದರು. ಹೇಳಿದೆ. ನಮ್ಮತ್ತೆಯ ತವರು ಗೊತ್ತಿತ್ತು. 'ಆವಮ್ಮನ್ನ ಇಲ್ಲೀಗ್ ತತ್ತೀಯಾ? ತಂದ್ಬುಡು, ಮಾತಿಗಾಯ್ತದೆ.'

ವಯಸ್ಸಾದವರಿಂದ ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೋ ಎಂದು ಒಂದು ಕ್ಷಣ ಅನುಮಾನವಾಯಿತು. ಸ್ವಲ್ಪ ಹೊತ್ತು ನಿಂತು ನೋಡಿದೆ. ಹದಿನೈದು ಕಾಯಿ ಆಗುವಷ್ಟರಲ್ಲಿ ಅಜ್ಜಿಗೆ ಸಾಕೆನಿಸಿತು, ಬಿಟ್ಟು ಎಲೆಅಡಿಕೆ ಚೀಲ ತೆಗೆದರು. ಉಳಿದದ್ದನ್ನು ಮುಗಿಸು ಎಂದು ಯಾರೂ ಹೇಳಲಿಲ್ಲ. ಅನುಮಾನ ಹೋಯಿತು.

ಅಡುಗೆಮನೆಯಲ್ಲಿ ರಾತ್ರಿಗೆ ಮುದ್ದೆ, ಬಸ್ಸಾರು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಲ್ಲಿಲ್ಲದವರಿಗೆ ಅದಕ್ಕಿಂತ ಅನುಕೂಲದ ಊಟ ಇಲ್ಲ. ಲಕ್ವ ಹೊಡೆದವರಿಗೆ ಮಾತ್ರ ಅದೇ ಮುದ್ದೆ ಗಂಟಲಿಗೆ ಕಂಟಕ. ನುಂಗುವ ಶಕ್ತಿ ಕುಗ್ಗಿದವರಿಗೆ ತೆಳ್ಳನೆಯ ನೀರು ಕೂಡ ಶ್ವಾಸನಾಳಕ್ಕೆ ಇಳಿದು, ಅದರಿಂದ ನ್ಯುಮೋನಿಯ ಹತ್ತುತ್ತದೆ. ಅವರನ್ನು ನೆಟ್ಟಗೆ ಕೂರಿಸಬೇಕು, ತುತ್ತು ಚಿಕ್ಕದಿರಬೇಕು, ಬಾಯಿ ಖಾಲಿಯಾದ ಮೇಲೇ ಇನ್ನೊಂದು ಕೊಡಬೇಕು, ಉಂಡ ತಕ್ಷಣ ಮಲಗಿಸಬಾರದು. ಒಲೆಯ ಪಕ್ಕ ಇನ್ನೊಂದು ಪಾತ್ರೆಯಲ್ಲಿ ಗಟ್ಟಿ ರಾಗಿಗಂಜಿ ಕುದಿಯುತ್ತಿತ್ತು. ಯಾರಿಗೆ ಎಂದೆ. ಅಡುಗೆಯಾಕೆ ಮೂರು ಹೆಸರು ಹೇಳಿದಳು. ಸಿಸ್ಟರಮ್ಮನ ಕಡೆ ತಿರುಗಿ ನೋಡದೆ ಹೇಳಿದಳು. ಇಂಥದ್ದು ಆಫೀಸಿನವರಿಗೆ ಗೊತ್ತಿದ್ದರೆ ಸಾಲದು, ಸೌಟು ಹಿಡಿದವರಿಗೆ ಗೊತ್ತಿರಬೇಕು.

ಸ್ನಾನದ ಮನೆಯಲ್ಲಿ ಹಿಡಿಕೆ ಒಂದೇ ಕಡೆ ಇದೆ, ಬಲಕ್ಕೆ. ಎಡಭಾಗ ಬಿದ್ದುಹೋದ ನಮ್ಮತ್ತೆಗೆ ಅದು ಸರಿ. ಬಲಭಾಗ ಬಿದ್ದುಹೋದವರು ಏನು ಹಿಡಿಯಬೇಕು? ಹೊಸ್ತಿಲು ನಾಲ್ಕು ಬೆರಳು ಎತ್ತರ ಇದೆ, ಎಡವಲು ಅಷ್ಟು ಸಾಕು. ಎರಡನ್ನೂ ಹೇಳಿದೆ. ಸಿಸ್ಟರಮ್ಮ ಒಪ್ಪಿಕೊಂಡರು. ಗಾರೆ ಕೆಲಸದವನಿಗೆ ಹೇಳಿ ಎರಡು ತಿಂಗಳಾಯಿತಂತೆ. ದುಡ್ಡಿನ ಮಾತೂ ಬಂತು. ತೋಟದವರ ಮಕ್ಕಳು ಕೊಬ್ಬರಿ ದರ ಏರಿದಾಗ ಮುಂಗಡ ಕಟ್ಟುತ್ತಾರೆ, ಇಳಿದಾಗ ಬಾಕಿ ಉಳಿಸುತ್ತಾರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತಲ್ಲ, ಆ ವರ್ಷ ಅರ್ಧದಷ್ಟು ಮನೆಗಳಿಂದ ಹಣವೇ ಬರಲಿಲ್ಲ ಎಂದರು. 'ಹಂಗಂತ ಅವ್ರನ್ನ ಹೊರಗೆ ಕೂರ್ಸಕಾಯ್ತದಾ?'

ಕೊನೆಯ ಮಂಚ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಇತ್ತು. ಅದರಲ್ಲಿದ್ದವರು ಎರಡು ವರ್ಷದಿಂದ ಮಾತಾಡಿಲ್ಲ. ನೋಡಲು ಯಾರೂ ಬರುವುದಿಲ್ಲ. ನೋಡಬಹುದೇ ಎಂದು ಕೇಳಿದೆ. ಸಿಸ್ಟರಮ್ಮ ಮೊದಲು ಅವರ ಕಿವಿಯ ಹತ್ತಿರ ಬಗ್ಗಿ, 'ಅಮ್ಮಾ, ಮಗ್ಲು ತಿರುಗ್ಸ್ತೀವಿ' ಎಂದು ಹೇಳಿದರು, ಮುಂದಿನ ಬಾಗಿಲು ಎಳೆದರು, ಆಮೇಲೆ ಮೈಮೇಲಿನ ದುಪ್ಪಟಿ ಸರಿಸಿದರು. ಮಡಿಸಿದ ಹಳೆಯ ಹತ್ತಿ ಸೀರೆಯೊಂದು ಬೆನ್ನಿನಡಿ ಇತ್ತು. ಒಂದು ತುದಿ ಸಿಸ್ಟರಮ್ಮ, ಇನ್ನೊಂದು ತುದಿ ಆಯಾ ಹಿಡಿದು, ಎಳೆಯದೆ, ಸ್ವಲ್ಪ ಎತ್ತಿ ಹೊರಳಿಸಿದರು. ಎಳೆದರೆ ವಯಸ್ಸಾದವರ ಚರ್ಮ ಕಿತ್ತುಬರುತ್ತದೆ. ನಾನು ಬೆನ್ನ ಬುಡ ನೋಡಿದೆ, ಸೊಂಟದ ಮೂಳೆಗಳ ಮೇಲೆ ನೋಡಿದೆ, ಹಿಮ್ಮಡಿ ನೋಡಿದೆ. ಎಡ ಹಿಮ್ಮಡಿಯಲ್ಲಿ ರೂಪಾಯಿಯಗಲ ಕೆಂಪಗಿತ್ತು. ಸಿಸ್ಟರಮ್ಮ ಬೆರಳಿಂದ ಒತ್ತಿ ತೋರಿಸಿದರು. ಬೆಳ್ಳಗಾಗಿ ಮತ್ತೆ ಕೆಂಪು ತಿರುಗಿತು. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಾಲಿನಡಿ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಇಟ್ಟರು. ಉಗುರು ಕತ್ತರಿಸಿತ್ತು. ತುಟಿ ಒಣಗಿರಲಿಲ್ಲ. ಮೂತ್ರದ ಚೀಲ ಮಂಚಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುತ್ತಿತ್ತು.

ಮಂಚದ ಕಂಬಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಎರಡೆರಡು ಗಂಟೆಗೆ ಎಡ, ಬಲ, ಅಂಗಾತ ಎಂದು ಬರೆದು ಕೆಳಗೆ ಸಹಿ. ಹಿಂದೆ ನೋಡಿದ ಮನೆಯೊಂದರಲ್ಲೂ ಇಂಥ ಪುಸ್ತಕ ಇತ್ತು. ಅಲ್ಲಿ ಒಂದು ಖಾನೆಯೂ ಖಾಲಿ ಇರಲಿಲ್ಲ. ನಾನು ಹೋದದ್ದು ಸಂಜೆ ಐದಕ್ಕೆ, ರಾತ್ರಿ ಎಂಟರ ಖಾನೆಗೂ ಸಹಿ ಬಿದ್ದಿತ್ತು. ಇಲ್ಲಿ ಪುಟ ತಿರುವಿದೆ. ಹಿಂದಿನ ರಾತ್ರಿ ಎರಡು ಗಂಟೆಯ ಖಾನೆ ಖಾಲಿ. ಅದರ ಹಿಂದಿನ ವಾರದಲ್ಲಿ ಇನ್ನೆರಡು. ಕೇಳಿದರೆ ಆಯಾ ತಲೆ ತಗ್ಗಿಸಿ, 'ಮುಂದಿನ ರೂಮಿನ ತಾತ ಬಿದ್ಬುಟ್ರು ಅಕ್ಕ, ಅವ್ರನ್ನ ಎತ್ತಿ ಕೂರ್ಸದ್ರಾಗೆ ಹೊತ್ತೋಯ್ತು. ಮಾಡ್ದೆ ಬರ್ಯಕಾಯ್ತದಾ?' ಎಂದಳು.

ಹತ್ತೊಂಬತ್ತು ಜನಕ್ಕೆ ರಾತ್ರಿ ಒಬ್ಬಳೇ. ಅದು ಸಾಲದು ಎಂದು ಸಿಸ್ಟರಮ್ಮನಿಗೆ ಮುಖಕ್ಕೇ ಹೇಳಿದೆ. ಇಬ್ಬರು ಬೇಕೇ ಬೇಕು. ನಮ್ಮತ್ತೆಯನ್ನು ಇಲ್ಲಿ ಬಿಟ್ಟರೆ ಎರಡನೆಯವಳ ಸಂಬಳಕ್ಕೆ ನಾವೂ ಪಾಲು ಕೊಡುತ್ತೇವೆ ಎಂದೂ ಹೇಳಿದೆ. ಆದರೆ ಆ ಖಾಲಿ ಖಾನೆಯನ್ನು ನೋಡಿದ ಮೇಲೆ ತುಂಬಿದ ಖಾನೆಗಳನ್ನೆಲ್ಲ ನಂಬಿದೆ.

ಇದೆಲ್ಲ ಮನೆಯವರು ನೋಡಬೇಕಾದ ಮಾತಾಯಿತು. ಕಾನೂನಿನಲ್ಲೂ ಕೆಲವು ಆಸರೆ ಇವೆ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ನಮ್ಮ ಮೂರೂ ತಾಲ್ಲೂಕಿಗೆ ತಿಪಟೂರಿನ ಉಪವಿಭಾಗಾಧಿಕಾರಿಯ ಕಚೇರಿಯೇ ದಿಕ್ಕು. ತೋಟ ಇರುವ ಈ ಸೀಮೆಗೆ ಮುಖ್ಯವಾದದ್ದು 23ನೆಯ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದುಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ದಾನಪತ್ರ ಮಾಡಿಸುವವರು ಆ ಒಂದು ಸಾಲನ್ನು ಪತ್ರದೊಳಗೇ ಬರೆಸಿಬಿಡಿ. ಬಾಯಿಮಾತಿಗೆ ಬಿಡಬೇಡಿ. ಹಿರಿಯರ ಸಹಾಯವಾಣಿ 14567 ಈ ಮನೆಯ ಜಗಲಿಯ ಗೋಡೆಯ ಮೇಲೆ ಕುಂಕುಮದ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು. ಅಲ್ಲಿರುವವರಿಗೇ ಕಾಣುವ ಕಡೆ ಬರೆದಿದ್ದರು.

ಐದೂಮುಕ್ಕಾಲರ ಬಸ್ಸು ಬಿಟ್ಟೆ. ಆರು ಗಂಟೆಯ ಹೊರಳಿಸುವಿಕೆ ನೋಡಬೇಕಿತ್ತು. ಆರಾಯಿತು, ಯಾರೂ ಬರಲಿಲ್ಲ. ಆಯಾ ಇನ್ನೊಬ್ಬ ಅಮ್ಮನಿಗೆ ಗಂಜಿ ಕುಡಿಸುವುದರಲ್ಲಿದ್ದಳು; ಆ ಅಮ್ಮ ತುತ್ತು ನುಂಗಲು ಹೊತ್ತು ತೆಗೆದುಕೊಳ್ಳುತ್ತಿದ್ದರು, ಆಕೆ ಅವಸರ ಮಾಡಲಿಲ್ಲ. ಆಮೇಲೆ ಕೈ ತೊಳೆದು ಬಂದು ಕೊನೆಯ ಮಂಚದವರನ್ನು ಇನ್ನೊಬ್ಬಳ ಜೊತೆ ಬಲಕ್ಕೆ ಹೊರಳಿಸಿ, ಹಿಮ್ಮಡಿಯ ದಿಂಬು ಸರಿಮಾಡಿ, ಪೆನ್ಸಿಲ್ ಹಿಡಿದಳು. ಆರು ಎಂದು ಬರೆಯಲಿಲ್ಲ. ಗೋಡೆಯ ಗಡಿಯಾರ ನೋಡಿ 6.25 ಎಂದು ಬರೆದಳು.

ನಾನು ಚೀಲದಿಂದ ಅತ್ತೆಯ ಮಾತ್ರೆ ಚೀಟಿ, ಆಸ್ಪತ್ರೆಯ ಕಾಗದ ತೆಗೆದು ಸಿಸ್ಟರಮ್ಮನ ಕೈಗೆ ಕೊಟ್ಟೆ. ಮುದ್ದೆ ಬೇಡ, ಗಂಜಿ, ಎಂದು ಅಡುಗೆಯಾಕೆಗೂ ಹೋಗಿ ಹೇಳಿದೆ.